ಕ್ರೀಸಿನಲ್ಲಿ ಹುಟ್ಟಿದ ಇಂಗ್ಲಿಷ್: ರಸಿಕರಿಗೊಂದು ಕೈಪಿಡಿ

ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ. ಇಂಗ್ಲಿಷ್ ಕಲಿಯುವವರಿಗೆ ಇಂಥ ಪಟ್ಟಿ ಕೊಟ್ಟು ಉರುಹೊಡೆಸುವ ಪದ್ಧತಿ ಮೊದಲು ತೊಲಗಬೇಕು. ಆ ಪಟ್ಟಿ ನಂಬಿದವರು ನಾಲ್ಕು ಹನಿ ಬಿದ್ದರೂ ‘ರೈನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎನ್ನುತ್ತಾರೆ, ಸಾವಿನ ಸುದ್ದಿಗೆ ‘ಕಿಕ್ಡ್ ದ ಬಕೆಟ್’ ಬಳಸುತ್ತಾರೆ. ಎರಡನೆಯದನ್ನು ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಸೇರಿಸಿದ್ದು ಪೋಲಿಮಾತುಗಳ ನಿಘಂಟಿಗೆ. ಸತ್ತವರ ಮನೆಯವರೆದುರು ಆಡುವ ಮಾತಲ್ಲ ಅದು.

ಯಾವ ನುಡಿಗಟ್ಟನ್ನೇ ಆಗಲಿ, ಅದು ಯಾರ ಕಡೆ ನಿಂತು ಮಾತಾಡುತ್ತಿದೆ ಎಂದು ಕೇಳಿಕೊಳ್ಳಬೇಕು. ಇದಕ್ಕೆ ಕನ್ನಡಿಗರಿಗೆ ಕ್ರಿಕೆಟ್‌ಗಿಂತ ಒಳ್ಳೆಯ ಪಾಠಶಾಲೆಯಿಲ್ಲ. ನಮ್ಮಲ್ಲಿ ‘ಸಿಕ್ಸರ್ ಬಾರಿಸಿದ’ ಎಂದರೆ ಗೆದ್ದ. ಇಂಗ್ಲಿಷರು ‘ಇಟ್ ಹಿಟ್ ಹಿಮ್ ಫಾರ್ ಸಿಕ್ಸ್’ ಎಂದರೆ ಅವನು ಪೆಟ್ಟು ತಿಂದು ಕುಸಿದ. ಹೊಡೆದದ್ದು ಸಾವೋ, ರೋಗವೋ, ಸಾಲವೋ. ‘ಸ್ಟಿಕಿ ವಿಕೆಟ್’ನಲ್ಲಿ ಕಷ್ಟ ಬ್ಯಾಟ್ ಹಿಡಿದವನದು: ಮುಚ್ಚದ ಪಿಚ್ ಮಳೆಗೆ ನೆನೆದು, ಬಿಸಿಲಿಗೆ ಒಣಗುವಾಗ ಒಂದು ಚೆಂಡು ಎದೆಗೆ ಜಿಗಿಯುತ್ತದೆ, ಇನ್ನೊಂದು ನೆಲ ಕಚ್ಚುತ್ತದೆ. ಪಿಚ್‌ಗೆ ಹೊದಿಕೆ ಬಂತು, ಮಾತು ಉಳಿಯಿತು.

ಈ ಲೇಖಕನ ಕಿವಿ ತೆರೆಸಿದ್ದು 1990ರ ನವೆಂಬರಿನ ಎರಡು ಭಾಷಣಗಳು. 12ರ ರಾತ್ರಿ ಲಂಡನ್ನಿನ ಗಿಲ್ಡ್‌ಹಾಲ್ ಔತಣದಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ಈಚೆಗೆ ಬೌಲಿಂಗ್ ಬಿರುಸಾಗಿದ್ದರೂ ತಾನಿನ್ನೂ ಕ್ರೀಸಿನಲ್ಲೇ ಇದ್ದೇನೆಂದರು. ಮರುದಿನ ಕಾಮನ್ಸ್ ಸಭೆಯಲ್ಲಿ ಎದ್ದವರು ಆಗಷ್ಟೇ ಸಂಪುಟ ಬಿಟ್ಟಿದ್ದ ಜೆಫ್ರಿ ಹೌ. ಯುರೋಪಿನ ಜೊತೆ ವ್ಯವಹರಿಸಬೇಕಾದ ಸಹೋದ್ಯೋಗಿಗಳ ಪಾಡನ್ನು ಅವರು ತಣ್ಣನೆಯ ದನಿಯಲ್ಲಿ ಬಣ್ಣಿಸಿದರು: ಆರಂಭಿಕ ಆಟಗಾರರನ್ನು ಕ್ರೀಸಿಗೆ ಕಳಿಸಿದ್ದಾಯಿತು, ಮೊದಲ ಚೆಂಡುಗಳು ಬರುವಾಗ ನೋಡಿಕೊಂಡರೆ ಬ್ಯಾಟುಗಳು ಮುರಿದಿವೆ, ಮುರಿದದ್ದು ಸ್ವಂತ ಕ್ಯಾಪ್ಟನ್! ಥ್ಯಾಚರ್ ತಮ್ಮನ್ನು ಏಕಾಂಗಿ ಬ್ಯಾಟುಗಾರ್ತಿಯಾಗಿ ಚಿತ್ರಿಸಿಕೊಂಡಿದ್ದರು. ಹೌ ಆಟ ಬದಲಿಸದೆ ಕೇಳುಗರನ್ನು ಅದೇ ತಂಡದ ಡ್ರೆಸ್ಸಿಂಗ್ ರೂಮಿಗೆ ಕರೆದೊಯ್ದರು. 22ರಂದು ಥ್ಯಾಚರ್ ಹುದ್ದೆ ಬಿಡುವ ನಿರ್ಧಾರ ಪ್ರಕಟಿಸಿದರು. ಅರ್ಥ ತಿಳಿದರೆ ಸಾಕೆನ್ನುವವರಿಗೆ ಈ ಸೊಗಸು ದಕ್ಕುವುದೇ ಇಲ್ಲ.

‘ಆಫ್ ಹಿಸ್ ಓನ್ ಬ್ಯಾಟ್’ ಎಂದರೆ ಯಾರೂ ಹೇಳದೆ ತಾನಾಗಿ ಮಾಡಿದ್ದು. ಎಕ್ಸ್‌ಟ್ರಾ ರನ್ನುಗಳನ್ನು ಬಲ್ಲವರಿಗೆ ವಿವರಣೆ ಬೇಡ.

ಅಮೆರಿಕದಲ್ಲಿ ಮೈದಾನವೇ ಬೇರೆ. ಅಂದಾಜು ಲೆಕ್ಕಕ್ಕೆ ಅವರು ಹೇಳುವ ‘ಬಾಲ್‌ಪಾರ್ಕ್ ಫಿಗರ್’ ಬೇಸ್‌ಬಾಲಿನದು. ಹೊಸಬರು ಬಾಯಿಬಿಡುವ ಮೊದಲು ಬಹಳ ದಿನ ಕೇಳಬೇಕು. ಉತ್ತರ ಹೊಳೆಯದಾಗ ‘ಐ ಆಮ್ ಸ್ಟಂಪ್ಡ್’ ಎಂದರೆ ಎರಡೂ ದೇಶಗಳಲ್ಲಿ ನಡೆಯುತ್ತದೆ, ಅಲ್ಲಿಂದ ಶುರುಮಾಡಬಹುದು.