ಹಾಡುವವಳಿಗೆ ಒಡವೆ ಯಾಕೆ?

ನಮ್ಮ ಶಾಲೆಯ ಗಾಯನ ಸ್ಪರ್ಧೆಗೆ ನಾನು ಹಲವು ವರ್ಷಗಳಿಂದ ತೀರ್ಪುಗಾರಳು. ವಿದುಷಿಯೇನಲ್ಲ, ಜೂನಿಯರ್ ಪರೀಕ್ಷೆಯವರೆಗೆ ಕಲಿತು, ಮದುವೆಯಾದ ಮೇಲೆ ತಂಬೂರಿಯನ್ನು ಅಟ್ಟಕ್ಕೇರಿಸಿದವಳು. ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಜರಿ ಲಂಗ ಉಟ್ಟು, ಕೈತುಂಬ ಬಳೆ ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ವೇದಿಕೆಗೆ ಬಂದಳು. 'ಹಾಡೋಕೆ ಬಂದಳೋ, ಮೆರೆಯೋಕೆ ಬಂದಳೋ' ಎಂದು ಪಕ್ಕದ ಟೀಚರ ಕಿವಿಯಲ್ಲಿ ಪಿಸುಗುಟ್ಟಿದೆ. ಅವಳ ಶ್ರುತಿಯಲ್ಲಿ ತಪ್ಪಿರಲಿಲ್ಲ, ತಾಳದಲ್ಲೂ ಇರಲಿಲ್ಲ. ಹಾಗಾಗಿ 'ಭಾವ' ಎಂಬ ಕಲಮಿನಲ್ಲಿ ಎರಡು ಅಂಕ ಕಳೆದೆ. ಮೊದಲ ಬಹುಮಾನ ಅವಳಿಗೆ ಒಂದೇ ಅಂಕದಲ್ಲಿ ತಪ್ಪಿತು.

ಇದನ್ನೀಗ ನೆನಪಿಸಿದವಳು ನೂರು ವರ್ಷ ಹಿಂದಿನ ಒಬ್ಬ ಗಾಯಕಿ, ಗೌಹರ್ ಜಾನ್. ಅವಳ ಹಳೆಯ ತಟ್ಟೆಗಳ ಹಾಡನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಯಾರೋ ಮೊಬೈಲಿನಲ್ಲಿ ಹಾಕಿದರು. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಅದರೊಳಗಿಂದ ತೆಳ್ಳಗಿನ, ಎತ್ತರದ, ಒಂದಿಷ್ಟೂ ಅಳುಕಿಲ್ಲದ ದನಿ. ಮೂರು ನಿಮಿಷದೊಳಗೆ ಹಾಡನ್ನು ಬಿಚ್ಚಿ, ಸರಸರನೆ ತಾನುಗಳನ್ನು ಎಸೆದು, ಮಡಿಸಿಟ್ಟುಬಿಟ್ಟಳು. ಕೊನೆಗೆ ಇಂಗ್ಲಿಷಿನಲ್ಲಿ, ನಗುವೊಂದನ್ನು ತಡೆದಿಟ್ಟುಕೊಂಡವಳಂತೆ, ತನ್ನ ಹೆಸರು ಗೌಹರ್ ಜಾನ್ ಎಂದು ಸಾರಿದಳು. ನಾನು ಹಾಡಿಗಿಂತ ಆ ಕೊನೆಯ ಮಾತನ್ನೇ ಮೂರು ಸಲ ಹಾಕಿಸಿ ಕೇಳಿದೆ.

ಹುಟ್ಟಿದ್ದು 1873ರಲ್ಲಿ, ಉತ್ತರದ ಆಜಮ್‌ಗಢದಲ್ಲಿ. ಹುಟ್ಟುಹೆಸರು ಏಂಜಲಿನಾ. ತಾಯಿ ವಿಕ್ಟೋರಿಯಾ ಮುಂದೆ ಮಲ್ಕಾ ಜಾನ್ ಎಂಬ ಹೆಸರಿನ ಗಾಯಕಿಯಾದಳು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದಾಗ, ಈ ದೇಶದಲ್ಲಿ ಮೊದಮೊದಲು ಧ್ವನಿ ಮುದ್ರಿಸಿಕೊಂಡವರಲ್ಲಿ ಇವಳೂ ಒಬ್ಬಳು. ಆಗ ಮೈಕು ಇರಲಿಲ್ಲ. ಒಂದು ಕಹಳೆಯ ಬಾಯಿಗೆ ಮುಖವೊಡ್ಡಿ ಜೋರಾಗಿ ಹಾಡಬೇಕು. ಮುದ್ರಿಕೆ ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಯಾಗಬೇಕು. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಲೆಂದೇ ಕೊನೆಯಲ್ಲಿ ಹೆಸರು ಹೇಳುವ ಪದ್ಧತಿ. ಉಳಿದವರೂ ಹೇಳಿದ್ದಾರೆ. ಇವಳು ಮಾತ್ರ ಅದನ್ನು ಸೆರಗಿಗೆ ಚುಚ್ಚಿದ ಪದಕದಂತೆ ಧರಿಸಿದಳು.

ಒಡವೆಯ ಮಾತಿಗೆ ಬರೋಣ. ಧ್ವನಿಮುದ್ರಣಕ್ಕೆ ಬಂದಾಗಲೆಲ್ಲ ಹೊಸ ಉಡುಪು, ಹೊಸ ಒಡವೆ ತೊಟ್ಟು ಬರುತ್ತಿದ್ದಳೆಂದು ಗೈಸ್‌ಬರ್ಗ್ ಬೆರಗಿನಿಂದ ಬರೆದಿದ್ದಾನೆ. ನೋಡಿ, ಕಹಳೆಗೆ ಕಣ್ಣಿಲ್ಲ! ತಟ್ಟೆ ಕೊಳ್ಳುವವರಿಗೆ ಅವಳ ಸೀರೆ ಕಾಣುವುದಿಲ್ಲ. ಆದರೂ ಅವಳು ಸಿಂಗರಿಸಿಕೊಂಡು ಬಂದಳು. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎನ್ನುತ್ತಾರಲ್ಲ, ಇವಳ ನೋಟವೂ ತನ್ನಿಚ್ಛೆಯೇ. ಆ ಧೈರ್ಯವೇ ಅವಳ ದನಿಯಲ್ಲೂ ಕೇಳುತ್ತದೆ ಎಂದು ನನಗನ್ನಿಸುತ್ತದೆ. ಮೂರು ನಿಮಿಷದ ಗಡುವಿಗೆ ಬೆದರಿ ಹಲವು ದೊಡ್ಡ ಗಾಯಕರು ಹಿಂಜರಿದ ಕಾಲದಲ್ಲಿ, ಅಷ್ಟರಲ್ಲೇ ಮೆರೆಯಬಲ್ಲೆ ಎಂದು ಬಂದವಳು ಅವಳು.

ಆದರೆ ಅವಳ ವಿಷಯವಾಗಿ ಜನ ಹೆಚ್ಚಾಗಿ ಹೇಳುವುದೇನು? ಬೆಕ್ಕಿಗಾಗಿ ಔತಣವಿಟ್ಟು ಸಾವಿರಾರು ರೂಪಾಯಿ ಸುರಿದಳೆಂಬ ಕತೆ. ಕೊನೆಗಾಲದ ಕಷ್ಟ. ನಂಬಿದವನೊಡನೆ ಆಸ್ತಿಯ ವ್ಯಾಜ್ಯ ನಡೆಯಿತು, ಹಣ ಕರಗಿತು. 1928ರಲ್ಲಿ ನಮ್ಮ ಮೈಸೂರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಗಾಯಕಿಯಾಗಿ ಬಂದಳು. 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡಳು. 'ಮೆರೆದವರ ಪಾಡು ಇಷ್ಟೇ' ಎಂದು ನಾವು ತಲೆಯಾಡಿಸುತ್ತೇವೆ. ವ್ಯಾಜ್ಯದಲ್ಲಿ ಕರಗಿದ ಹಣದ ಪಾಪವನ್ನೂ ಅವಳ ಪದಕದ ಮೇಲೆಯೇ ಹೊರಿಸುವುದು ಯಾವ ನ್ಯಾಯ?

ಇನ್ನೊಬ್ಬಳನ್ನು ಪಕ್ಕದಲ್ಲಿಟ್ಟು ನೋಡೋಣ. ನಮ್ಮ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ಅವಳು ದೇವದಾಸಿ ಮನೆತನದವಳು. ಒಡವೆ, ಹೆಸರು, ಹಣ ಎಲ್ಲ ಕಂಡವಳು. ಮುದ್ದುಪಳನಿಯ ತೆಲುಗು ಕಾವ್ಯವನ್ನು 1910ರಲ್ಲಿ ಅಚ್ಚು ಹಾಕಿಸಿ ಸರ್ಕಾರದ ನಿಷೇಧಕ್ಕೆ ಗುರಿಯಾದ ಗಟ್ಟಿಗಿತ್ತಿ. ಆಮೇಲೆ ಒಡವೆಗಳನ್ನು ಮಾರಿ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದಳು. 1925ರಲ್ಲಿ ಅದರ ಪ್ರತಿಷ್ಠೆಯಾಯಿತು. ಹೆಂಗಸರಿಗೆ ಅಲ್ಲಿ ಹಾಡಲು ಅವಕಾಶವಿಲ್ಲದಿದ್ದಾಗ ಹೋರಾಡಿ ಹಾಡಿದಳು. ಅವಳಿಗೆ ಕೈ ಮುಗಿಯುತ್ತೇನೆ. ಆದರೆ ನಾವು ಅವಳನ್ನು ಹೊಗಳುವಾಗ ಮೊದಲು ಎತ್ತುವುದು ಮಾರಿದ ಒಡವೆಯನ್ನೇ. ಕಾವ್ಯ ಅಚ್ಚು ಹಾಕಿಸಿದ್ದೂ, ಹಕ್ಕಿಗಾಗಿ ನಿಂತದ್ದೂ ಆಮೇಲೆ. ಒಡವೆ ಕಳಚಿಟ್ಟವಳು ಪುಣ್ಯವಂತೆ, ತೊಟ್ಟುಕೊಂಡೇ ಹಾಡಿದವಳು ಮೆರೆದವಳು; ಇದು ನಮ್ಮ ಲೆಕ್ಕ.

ಹಾಗೆಂದು ಎಲ್ಲ ಅಲಂಕಾರವೂ ನಮಗೆ ಬೇಡವೆ? ಎಂ.ಎಸ್. ಸುಬ್ಬುಲಕ್ಷ್ಮಿಯವರ ವಜ್ರದ ಬೇಸರಿ, ಮುಡಿತುಂಬ ಮಲ್ಲಿಗೆ, ಕಾಂಚೀಪುರದ ಸೀರೆ! ಅವರ ಹೆಸರಿನಲ್ಲೇ ಒಂದು ನೀಲಿ ಬಣ್ಣ ಅಂಗಡಿಗಳಲ್ಲಿ ಮಾರಾಟವಾಯಿತು. ಅದನ್ನು ನಾವು ಗಾಂಭೀರ್ಯ ಎಂದೆವು, ನಾನೂ ಆ ನೀಲಿಯದೊಂದು ಸೀರೆ ಕೊಂಡೆ. ಅಂದಮೇಲೆ ನಮ್ಮ ಆಕ್ಷೇಪ ಒಡವೆಗಲ್ಲ. ನಮ್ಮ ಮನೆಯ ಮಗಳಂತೆ ಕಂಡರೆ ಅದು ಲಕ್ಷಣ, ಹಾಗೆ ಕಾಣದಿದ್ದರೆ ಬೆಡಗು.

ಸಂಗೀತ ಕಲಿತ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಸರಳೆ, ಜಂಟಿ ಮುಗಿಸಿದ ಮೇಲೆ ಮೇಷ್ಟ್ರು ನಮಗೆ ಹೇಳಿಕೊಟ್ಟ ಪಾಠದ ಹೆಸರೇನು? ಅಲಂಕಾರ! ಏಳು ತಾಳಗಳ ಆ ಅಲಂಕಾರಗಳನ್ನು ಹಾಡದೆ ಯಾರೂ ಗೀತೆಗೆ ಹೋಗಲಿಲ್ಲ. ಗಂಟಲಿಗೆ ಅಲಂಕಾರ ಕಲಿಸಿ, ಕೊರಳಿಗೆ ಮಾತ್ರ ಬೇಡವೆನ್ನುವುದು ಹೇಗೆ?

ಗೌಹರ್ ಹಾಡಿದ್ದೆಲ್ಲ ಶ್ರೇಷ್ಠವೆಂದು ನಾನು ಹೇಳಲಾರೆ. ಕೆಲವು ತಟ್ಟೆಗಳಲ್ಲಿ ಅವಸರವಿದೆ, ಕೆಲವು ಕಡೆ ಬೆರಗುಗೊಳಿಸುವ ಆಸೆಯೇ ಹೆಚ್ಚಾಯಿತೇನೋ ಅನ್ನಿಸುತ್ತದೆ. ಅದನ್ನು ಕಿವಿಯಿಂದ ಕೇಳಿ ಹೇಳಬೇಕು. ನಾನು ಆ ದಿನ ಕಣ್ಣಿನಿಂದ ಕೇಳಿದ್ದೆ.

ಆ ಹುಡುಗಿ ಈಗ ಎಲ್ಲಿದ್ದಾಳೋ, ಹಾಡುತ್ತಾಳೋ ಇಲ್ಲವೋ. ಅಂಕಪಟ್ಟಿಯಲ್ಲಿ ಕಳೆದ ಎರಡು ಅಂಕವನ್ನು ಈಗ ತಿದ್ದಲಾಗದು. ಮುಂದಿನ ಸಲ ಸ್ಪರ್ಧೆ ನಡೆದಾಗ ನಾನು ತಲೆ ತಗ್ಗಿಸಿ, ಕಾಗದ ನೋಡುತ್ತ, ಬರೀ ಕೇಳುತ್ತೇನೆ. ಅಂಕ ಬರೆದಾದ ಮೇಲೆ ತಲೆಯೆತ್ತಿ, ಬಳೆಗಳನ್ನೂ ಕಣ್ತುಂಬ ನೋಡುತ್ತೇನೆ.