ಕುದುರೆಯ ಮೇಲಿಂದ ಕಂಡ ಸಿಲೋನ್

ಬ್ರಿಟಿಷ್ ಅಧಿಕಾರಿಗಳು ನಿವೃತ್ತರಾದ ಮೇಲೆ ಬರೆದ ನೆನಪುಗಳಲ್ಲಿ ಶಿಕಾರಿ, ಸೆಖೆ ಮತ್ತು ನಂಬಿಗಸ್ತ ಜವಾನ ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಲಿಯೊನಾರ್ಡ್ ವೂಲ್ಫ್ ಅವರ ‘ಗ್ರೋಯಿಂಗ್’ (1961) ಆ ಜಾತಿಯ ಪುಸ್ತಕವಲ್ಲ. ಲೇಖಕಿ ವರ್ಜೀನಿಯಾ ವೂಲ್ಫ್ ಅವರ ಪತಿಯೆಂದೇ ನಮಗೆ ಹೆಚ್ಚು ಪರಿಚಿತರಾದ ಇವರು 1904ರಿಂದ 1911ರವರೆಗೆ ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಸರಕಾರಿ ಅಧಿಕಾರಿಯಾಗಿದ್ದರು.

ಜಾಫ್ನಾದ ಒಂದು ಪ್ರಸಂಗ ನಮ್ಮನ್ನು ಹಿಡಿದು ನಿಲ್ಲಿಸಿತು. ಕುದುರೆಯ ಮೇಲಿದ್ದ ವೂಲ್ಫ್ ಚಾವಟಿಯಿಂದ ತನ್ನ ಮುಖಕ್ಕೆ ಹೊಡೆದರೆಂದು ಸ್ಥಳೀಯ ತಮಿಳು ವಕೀಲರೊಬ್ಬರು ದೂರಿದರು. ವೂಲ್ಫ್ ಹೊಡೆದಿರಲಿಲ್ಲ, ಬೀದಿಬದಿಯ ಕಟ್ಟಡದತ್ತ ಚಾವಟಿ ಚಾಚಿ ಏನನ್ನೋ ತೋರಿಸುತ್ತಿದ್ದರು, ಅಷ್ಟೆ. ಬೇರೆ ಅಧಿಕಾರಿಯಾಗಿದ್ದರೆ ‘ಸುಳ್ಳು ದೂರು’ ಎಂದು ಷರಾ ಬರೆದು ಮರೆಯುತ್ತಿದ್ದ. ವೂಲ್ಫ್ ಮರೆಯಲಿಲ್ಲ. ಅವರ ಊರಿನ ಬೀದಿಯಲ್ಲಿ ತಾನು ಹಾಗೆ ಕುದುರೆಯೇರಿ ಕೂತದ್ದೇ ಅವರ ಮುಖಕ್ಕೆ ಬಿದ್ದ ಏಟು ಎಂದು ಅವರಿಗೆ ಹೊಳೆಯಿತು. ಇಂಥ ಪ್ರಾಮಾಣಿಕತೆ ಅಪರೂಪ.

ಆದರೆ ಪ್ರಾಮಾಣಿಕತೆಗೂ ಒಂದು ಗಡಿ ಇದೆ. 1906ರಲ್ಲಿ ಮರಿಚ್ಚುಕ್ಕಟ್ಟಿಯ ಕಡಲತೀರದಲ್ಲಿ ನಡೆದ ಮುತ್ತಿನ ಬೇಟೆಯ ಅಧ್ಯಾಯ ನೋಡಿ. ಅರಬರು ಮತ್ತು ತಮಿಳರು ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು ತರುತ್ತಿದ್ದರು. ತಂದದ್ದನ್ನು ಮೂರು ಪಾಲು ಮಾಡಿ ಸರಕಾರ ಎರಡನ್ನು ತೆಗೆದುಕೊಳ್ಳುತ್ತಿತ್ತು; ಮುಳುಗಿದವನಿಗೆ ಒಂದು. ದೊರೆಯ ಮುಂದೆ ಬಾಗದೆ ಸಮಾನರಂತೆ ಮಾತಾಡುತ್ತಿದ್ದ ಅರಬರನ್ನು ವೂಲ್ಫ್ ಮನಸಾರೆ ಮೆಚ್ಚುತ್ತಾರೆ. ಅವರಲ್ಲೊಬ್ಬ ತೀರಿಕೊಂಡಾಗ ಜೊತೆಗಾರರು ದುಃಖಿಸಿದ ಬಗೆಯನ್ನು ಎಷ್ಟು ಗೌರವದಿಂದ ಬರೆಯುತ್ತಾರೆಂದರೆ ಓದುವಾಗ ನಮ್ಮ ಕಣ್ಣೂ ತೇವವಾಯಿತು. ಆ ಮೂರು ಪಾಲಿನ ಲೆಕ್ಕ ಮಾತ್ರ ಅವರನ್ನು ಅಷ್ಟಾಗಿ ಕಾಡಿದಂತಿಲ್ಲ. ಪಾಲು ಮಾಡಿಸುವ ಕೆಲಸ ಅವರದೇ ಆಗಿತ್ತಲ್ಲ!

ಕ್ಯಾಂಡಿ ಜೈಲಿನಲ್ಲಿ ನೇಣಿಗೆ ಸಾಕ್ಷಿಯಾಗಿ ನಿಲ್ಲುವುದು, ಹಂಬಂತೋಟದಲ್ಲಿ ದನಗಳಿಗೆ ದೊಡ್ಡರೋಗ ಬಂದಾಗ ಕೋವಿ ಹಿಡಿದು ಹೊರಡುವುದು, ಇವೆಲ್ಲ ಪುಸ್ತಕದಲ್ಲಿವೆ. ಎಲ್ಲದರಲ್ಲೂ ನೋಡುವ ಕಣ್ಣು ಅಧಿಕಾರಿಯದೇ. ದನ ಕಳಕೊಂಡವನ ಮನೆಯೊಳಗೆ ನಾವು ಹೋಗುವುದೇ ಇಲ್ಲ.

ಒಳಗೆ ಹೋಗಬೇಕಾದರೆ 1913ರ ಅವರ ಕಾದಂಬರಿ ‘ದಿ ವಿಲೇಜ್ ಇನ್ ದ ಜಂಗಲ್’ ತೆರೆಯಬೇಕು. ಕಾಡಿನ ಅಂಚಿನ ಹಳ್ಳಿಯ ಸಿಲಿಂದು ಮತ್ತು ಅವನ ಅಳಿಯ ಬಾಬುನ್ ಮೇಲೆ ಊರಿನ ಮುಖಂಡ ಸುಳ್ಳು ಕಳವಿನ ಕೇಸು ಹಾಕಿಸುತ್ತಾನೆ. ಕೋರ್ಟಿನಲ್ಲಿ ಏನು ನಡೆಯುತ್ತಿದೆಯೆಂದು ಅವರಿಬ್ಬರಿಗೂ ತಿಳಿಯದು. ಬಿಳಿಯ ನ್ಯಾಯಾಧೀಶನಿಗೆ ಏನೋ ಗುಮಾನಿ ಇದೆ, ಆದರೆ ಸಾಕ್ಷ್ಯ ಸರಿಯಾಗಿದೆ. ಬಾಬುನ್ ಜೈಲಿಗೆ ಹೋಗುತ್ತಾನೆ.

ಹಂಬಂತೋಟದಲ್ಲಿ ಅಂಥದೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂತವರು ಸ್ವತಃ ವೂಲ್ಫ್. ಆತ್ಮಕಥೆಯಲ್ಲಿ ಹೇಳಲಾಗದ್ದನ್ನು ಅವರು ಅದಕ್ಕೂ 48 ವರ್ಷ ಮೊದಲೇ ಕಾದಂಬರಿಯಲ್ಲಿ ಹೇಳಿಬಿಟ್ಟಿದ್ದರು. ಕಾದಂಬರಿಯನ್ನು ಮೊದಲು ಓದಿ, ಆಮೇಲೆ ‘ಗ್ರೋಯಿಂಗ್’ ಹಿಡಿಯುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.