ಜ್ವಾಲಾಮುಖಿ ಇದ್ದದ್ದು ಸಂಡೂರಿನಲ್ಲಿ

ಹಂಪಿಯ ಬಂಡೆಗಳ ಬಗ್ಗೆ ಎರಡು ಕಥೆಗಳು ಚಲಾವಣೆಯಲ್ಲಿವೆ. ಒಂದು ಕಿಷ್ಕಿಂಧೆಯದು: ವಾಲಿ ಸುಗ್ರೀವರು ಕಾದಾಡುವಾಗ ಎಸೆದಾಡಿದ ಕಲ್ಲುಗಳು ಇವು ಎನ್ನುವುದು. ಇನ್ನೊಂದು ವಿಜ್ಞಾನದ ಹೆಸರಿನಲ್ಲಿ ಹೇಳುವಂಥದ್ದು: ಎಂದೋ ಇಲ್ಲಿ ಜ್ವಾಲಾಮುಖಿ ಸಿಡಿಯಿತು, ಅದು ಉಗುಳಿದ ಕಲ್ಲುಗಳು ಹೀಗೆ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಮೊದಲನೆಯದರ ಮೇಲೆ ನನಗೆ ತಕರಾರಿಲ್ಲ. ಅದು ಕಲ್ಲನ್ನು ಕಣ್ಣಾರೆ ನೋಡಿದವರು ಕಟ್ಟಿದ ಕಥೆ. ಇಷ್ಟು ದೊಡ್ಡ ಗುಂಡಿನ ಮೇಲೆ ಇನ್ನೊಂದು ಗುಂಡು ನಿಂತದ್ದಾದರೂ ಹೇಗೆ ಎಂಬ ಬೆರಗು ಅದರಲ್ಲಿದೆ. ನನ್ನ ಜಗಳವೆಲ್ಲ ಎರಡನೆಯದರ ಜೊತೆ. ಗೈಡುಗಳ ಬಾಯಲ್ಲಿ, ಪ್ರವಾಸ ಲೇಖನಗಳಲ್ಲಿ, ಓದಿದವರ ಹರಟೆಯಲ್ಲೂ ಅದು ನಿಜವೆಂದೇ ಓಡಾಡುತ್ತಿದೆ.

ಮಾತಂಗ ಪರ್ವತ ಹತ್ತುವಾಗ ಒಂದು ಬಂಡೆಯ ಹತ್ತಿರ ಕೂತು ನೋಡಿ. ನಸುಗೆಂಪು ಫೆಲ್ಡ್‌ಸ್ಪಾರ್ ಹರಳು, ಬೆಣಚುಕಲ್ಲಿನ ಹರಳು, ಕರಿಯ ಅಭ್ರಕದ ಚುಕ್ಕೆ ಬರಿಗಣ್ಣಿಗೇ ಕಾಣುತ್ತವೆ. ಸಕ್ಕರೆ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆ ಹರಳುಗಟ್ಟುತ್ತದೆ. ಬೇಗ ತಣಿಸಿದರೆ ಹರಳಿಗೆ ಸಮಯವೇ ಸಿಗುವುದಿಲ್ಲ. ಹಂಪಿಯ ಗ್ರಾನೈಟ್ ನೆಲದೊಳಗೆ, ಕಿಲೋಮೀಟರುಗಟ್ಟಲೆ ಆಳದಲ್ಲಿ, ಬಹು ನಿಧಾನ ತಣಿದ ಶಿಲಾರಸ. ಸುಮಾರು 250 ಕೋಟಿ ವರ್ಷ ಹಿಂದಿನ ಮಾತು. ರಾಮನಗರದ ಹಳೆಯ ಹೆಸರು ಹೊತ್ತು ಉತ್ತರ–ದಕ್ಷಿಣವಾಗಿ ಸುಮಾರು 400 ಕಿ.ಮೀ. ಚಾಚಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಉತ್ತರದ ನೆಂಟ ಇದು. ಅಂದರೆ ರಾಮನಗರದ ಬೆಟ್ಟಕ್ಕೂ ಹೇಮಕೂಟಕ್ಕೂ ಕುಲ ಒಂದೇ.

ಹಾಗಾದರೆ ಗುಂಡಾದದ್ದು ಹೇಗೆ? ಮೇಲಿನ ಶಿಲೆ ಸವೆದು ಭಾರ ಇಳಿದಾಗ ಗ್ರಾನೈಟಿನಲ್ಲಿ ಅಡ್ಡಡ್ಡ, ಉದ್ದುದ್ದ ಬಿರುಕು ಬಿಟ್ಟಿತು. ಬಿರುಕಿನೊಳಗೆ ಇಳಿದ ನೀರು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸಿತು. ಚೌಕಟ್ಟಾದ ಕಲ್ಲಿನ ಮೂಲೆಗೆ ಮೂರು ಕಡೆಯಿಂದ ಪೆಟ್ಟು; ಆದ್ದರಿಂದ ಮೂಲೆಯೇ ಮೊದಲು ಕರಗಿತು. ಉಳ್ಳಾಗಡ್ಡಿ ಸಿಪ್ಪೆಯಂತೆ ಪದರು ಪದರಾಗಿ ಕಳಚಿ ಒಳಗೆ ಗಟ್ಟಿ ಗುಂಡು ಉಳಿಯಿತು. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋಯಿತು. ಒಂದರ ಮೇಲೊಂದು ನಿಂತ ಬಂಡೆಗಳನ್ನು ಯಾರೂ ಪೇರಿಸಿದ್ದಲ್ಲ, ಅವು ಎಲ್ಲಿಂದಲೂ ಹಾರಿ ಬಂದವೂ ಅಲ್ಲ. ಬಹುಪಾಲು ಹುಟ್ಟಿದಲ್ಲೇ ಉಳಿದವು. ಆ ಕೆಲಸ ಇನ್ನೂ ನಿಂತಿಲ್ಲ. ಕಮಲಾಪುರದ ದಾರಿಯಲ್ಲಿರುವ ಅಕ್ಕ-ತಂಗಿ ಬಂಡೆಗಳ ಒಂದು ಭಾಗ ನಮ್ಮ ಕಾಲದಲ್ಲೇ ಕುಸಿದು ಬಿತ್ತು.

ಇದಕ್ಕೆ ಒಂದು ಎದುರುವಾದ ಬರುತ್ತದೆ, ಅದು ಹಗುರವಾದದ್ದಲ್ಲ. ಗ್ರಾನೈಟೂ ಕರಗಿದ ರಸವೇ ತಾನೇ, ಅದರ ಮೇಲ್ಗಡೆ ಒಂದು ಕಾಲಕ್ಕೆ ಜ್ವಾಲಾಮುಖಿಯೂ ಇದ್ದಿರಬಹುದಲ್ಲ? ಇದ್ದಿರಬಹುದು. ಇದ್ದರೂ ಅದು ಮೇಲಿನ ಶಿಲೆಯೆಲ್ಲದರ ಜೊತೆ ಸವೆದು ಹೊಳೆ ಸೇರಿ ಯಾವ ಕಾಲವಾಯಿತೋ. ನಮ್ಮ ಕಣ್ಣ ಮುಂದಿರುವ ಬಂಡೆ ಮಾತ್ರ ಹೊರಗೆ ಬರಲಾಗದೆ ಒಳಗೇ ಉಳಿದ ರಸದ್ದು. ಅದನ್ನು ಜ್ವಾಲಾಮುಖಿಯ ಕಲ್ಲು ಎನ್ನುವುದು ಮಾತಿನ ಸಡಿಲವಷ್ಟೇ ಅಲ್ಲ, ಆ ಕಲ್ಲು ಹೇಳುತ್ತಿರುವುದರ ತದ್ವಿರುದ್ಧ.

ಕಂಪ್ಲಿಯ ಕಡೆ ಹೋದರೆ ಇದೇ ತಪ್ಪಿನ ಇನ್ನೊಂದು ರೂಪ. ಕಪ್ಪು ಮಣ್ಣೆಂದರೆ ಲಾವಾದ ಮಣ್ಣು ಎಂದು ಶಾಲೆಯಲ್ಲಿ ಕಲಿತವರು ಕಂಪ್ಲಿ, ಸಿರುಗುಪ್ಪದ ಎರೆಹೊಲಕ್ಕೂ ಅದನ್ನೇ ಅನ್ವಯಿಸುತ್ತಾರೆ. ದಖ್ಖನ್ನಿನ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಬೀದರ್, ಕಲಬುರಗಿ, ಬೆಳಗಾವಿ ಕಡೆಯ ಕಪ್ಪು ಕಲ್ಲು ಅದರದು. ಬಳ್ಳಾರಿ ಸೀಮೆಯ ಎರೆಯ ಕೆಳಗೆ ಇರುವುದು ಬಹುಪಾಲು ನೈಸ್ ಮತ್ತು ಗ್ರಾನೈಟ್.

ಈಗ ಹೊಸಪೇಟೆಯಿಂದ ಸಂಡೂರಿಗೆ ಬನ್ನಿ. ಹೆಚ್ಚೆಂದರೆ 30 ಕಿ.ಮೀ. ಬಂಡೆಗಳ ನಾಡು ಮುಗಿದು ಉದ್ದನೆಯ, ಸಮತಟ್ಟಾದ ನೆತ್ತಿಯ ಬೆಟ್ಟಸಾಲು ಶುರುವಾಗುತ್ತದೆ. ಒಂದೇ ಒಂದು ಗುಂಡಿಲ್ಲ. ಪ್ರವಾಸಿಗೆ ಇದು ಮಳೆಗಾಲದ ಹಸಿರು ಮತ್ತು ಕುಮಾರಸ್ವಾಮಿ ದೇವಸ್ಥಾನ. ಉಳಿದವರಿಗೆ ಮೈನ್ಸು, ಲಾರಿ, ಕೆಂಪು ಧೂಳು. ಜ್ವಾಲಾಮುಖಿ ಎಂಬ ಮಾತನ್ನು ಇಲ್ಲಿ ಯಾರೂ ಎತ್ತುವುದಿಲ್ಲ. ಎತ್ತಬೇಕಾದ ಜಾಗ ಮಾತ್ರ ಇದೇ.

ಯಶವಂತನಗರದ ಆಸುಪಾಸಿನ ಹಸಿರುಗಪ್ಪು ಕಲ್ಲು ಸುಮಾರು 270 ಕೋಟಿ ವರ್ಷ ಹಿಂದೆ ಕಡಲ ತಳದಲ್ಲಿ ಉಕ್ಕಿದ ಲಾವಾ. ಆಮೇಲೆ ಒತ್ತಡಕ್ಕೆ, ಕಾವಿಗೆ ಸಿಕ್ಕಿ ಹಸಿರಾಯಿತು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಂಥ ಶಿಲೆಗಳನ್ನು ಗ್ರಾನೈಟಿನಿಂದ ಬೇರ್ಪಡಿಸಿ 'ಧಾರವಾಡ' ಶಿಲೆಗಳೆಂದು ಹೆಸರಿಟ್ಟ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲಿನ ಅವನ ಗ್ರಂಥ ಬಂದದ್ದು 1895ರಲ್ಲಿ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಎಸ್.ಎಂ. ನಖ್ವಿ, ಸಿ. ಮಾಣಿಕ್ಯಾಂಬ ಮುಂತಾದವರು ಸಂಡೂರಿನ ಕಲ್ಲಿನ ರಸಾಯನವನ್ನು ವರ್ಷಗಟ್ಟಲೆ ಶೋಧಿಸಿದ್ದಾರೆ. ಇದು ಸಾಗರತಳದ ಲಾವಾ ಪೀಠಭೂಮಿಯೋ ದ್ವೀಪಗಳ ಸಾಲೋ ಎಂಬ ವಾದ ಭೂವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಸಂಡೂರು ಒಂದು ಕಾಲಕ್ಕೆ ಕಡಲಾಗಿತ್ತು, ಬಹುಶಃ ಅದರಲ್ಲಿ ದ್ವೀಪಗಳೂ ಇದ್ದವು ಎಂಬುದು ನನ್ನನ್ನು ವಾಲಿಯ ಕಥೆಯಷ್ಟೇ ಹಿಡಿದು ನಿಲ್ಲಿಸುತ್ತದೆ.

ಅದಿರೂ ಈ ಕಥೆಯ ಒಳಗಿನದೇ. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಕಡಲ ತಳದ ಬಿಸಿ ಬುಗ್ಗೆಗಳು ಕಕ್ಕಿದ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಅದು ಸಿಲಿಕದ ಜೊತೆ ಪದರು ಪದರಾಗಿ ಕೂತು ಪಟ್ಟೆ ಪಟ್ಟೆಯ ಶಿಲೆಯಾಯಿತು. ಎಷ್ಟೋ ಕಾಲದ ಮೇಲೆ ಮಳೆನೀರು ಸಿಲಿಕವನ್ನು ತೊಳೆದು ಒಯ್ದ ಕಡೆ ಉಳಿದದ್ದೇ ದೋಣಿಮಲೈಯ ಶ್ರೀಮಂತ ಅದಿರು. ದೇವಗಿರಿಯ ಮ್ಯಾಂಗನೀಸ್ ಇರುವ ಶಿಲಾಪದರಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳೂ ಸಿಕ್ಕಿವೆ: ಲಾವಾದ ನೆರೆಯಲ್ಲಿ ಬದುಕಿದ ಜೀವದ ಗುರುತು.

ಹಂಪಿಗೆ ಜ್ವಾಲಾಮುಖಿಯನ್ನು ದಾನ ಕೊಟ್ಟದ್ದರಿಂದ ಸಂಡೂರಿಗೆ ನಷ್ಟವಾಗಿದೆ ಎಂಬುದು ನನ್ನ ಆರೋಪ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಚರ್ಚೆ ನಡೆದದ್ದು ಗಡಿ, ಅರಣ್ಯ, ಟನ್ನುಗಳ ಭಾಷೆಯಲ್ಲಿ. ಆ ಭಾಷೆ ಬೇಕಿತ್ತು. ಅದಿಲ್ಲದೆ ಲೂಟಿ ನಿಲ್ಲುತ್ತಿರಲಿಲ್ಲ. ಆದರೆ ಕಾಡು ಮತ್ತೆ ನೆಡಬಹುದು ಎಂದಾದರೂ ಹೇಳಿಕೊಳ್ಳಬಹುದು, ಕಡಲತಳದ ಲಾವಾವನ್ನು ಮತ್ತೆ ಹಾಸಲಾಗದು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ನೀರಿನೊಳಗೆ ಹೆಪ್ಪುಗಟ್ಟಿದ ದಿಂಬಿನಾಕಾರದ ಲಾವಾವನ್ನು 1976ರಲ್ಲೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಿಗೂ ಆ ಗೌರವ ಸಂದಿದೆ. ಭಾರತದಿಂದ ಮಡಗಾಸ್ಕರ್ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷದ ಲಾವಾ ಅದು. ಸಂಡೂರಿನದು ಅದಕ್ಕಿಂತ 30 ಪಾಲು ಹಳೆಯದು.

ಹಂಪಿಯಲ್ಲಿ ಜ್ವಾಲಾಮುಖಿಯ ಕುಲದ ಕಲ್ಲು ನೋಡಲೇಬೇಕೆನ್ನುವವರಿಗೆ ಜಾಗ ಇಲ್ಲದಿಲ್ಲ. ಮಹಾನವಮಿ ದಿಬ್ಬದ ಬಳಿಯ ಮೆಟ್ಟಿಲು ಪುಷ್ಕರಣಿಯನ್ನು ಕಟ್ಟಿದ್ದು ಹಸಿರುಗಪ್ಪು ಶಿಸ್ಟಿನಲ್ಲಿ. ಹಳೆಯ ಲಾವಾ, ಬೂದಿ ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟಾಗ ಆಗುವ ಬಗೆಯ ಕಲ್ಲು ಅದು. ಎಲ್ಲಿ ಯಾವುದು ಕೂರಬೇಕೆಂದು ಕಲ್ಲುಕುಟಿಗರು ಮೂಡಿಸಿದ ಗುರುತುಗಳು ಅದರ ಮೇಲೆ ಇನ್ನೂ ಇವೆ. ದಿಬ್ಬದ ಪಶ್ಚಿಮದ ಮುಖಕ್ಕೂ ಶಿಸ್ಟಿನ ಹೊದಿಕೆ, ಮಿಕ್ಕ ಕಡೆ ಗ್ರಾನೈಟ್. ಒಂದನ್ನು ಮುಟ್ಟಿ, ಬಳಸಿಕೊಂಡು ಹೋಗಿ ಇನ್ನೊಂದನ್ನು ಮುಟ್ಟಿ. ಶಿಸ್ಟಿನ ಮೇಲೆ ಬೆರಳು ಜಾರುತ್ತದೆ, ಗ್ರಾನೈಟಿನ ಮೇಲೆ ಹರಳು ತಾಗುತ್ತದೆ. ಈ ಎರಡು ಕಲ್ಲುಗಳ ಗುಣವನ್ನು ಕೈಯಲ್ಲೇ ಬಲ್ಲ ಕುಟಿಗರು ವಿಜಯನಗರದಲ್ಲಿದ್ದರು.